ಸುಜಾತಳ ಸೈಕಲ್ಲಿನ ಗೇರ್ ಕಡ್ಡಿ

ಆಗ ನನಗೆ ಅರವತ್ತೆಂಟು. ಇದು ನಾಲ್ಕು ವರ್ಷದ ಹಿಂದಿನ ಮಾತು. ಅರವತ್ತೆಂಟು ಎನ್ನುವುದೂ ಅಂದಾಜೇ. ನಾನು ಹುಟ್ಟಿದ್ದನ್ನು ಬರೆದಿಡುವಷ್ಟು ಬಿಡುವು ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆಧಾರ್ ಕಾರ್ಡು ಮಾಡುವವನು ನನ್ನ ಮುಖ ನೋಡಿ ಒಂದು ವರ್ಷ ಹಾಕಿಕೊಂಡ. ಅವತ್ತಿನಿಂದ ಅದೇ ನನ್ನ ವಯಸ್ಸು.

ನಮ್ಮ ಅಡುಗೆಮನೆಯ ಗೋಡೆಗೆ ಬೆರಳುದ್ದದ ಒಂದು ಕಪ್ಪು ಕಡ್ಡಿ ಹೊಡೆದಿದ್ದೇನೆ. ಬೆಳ್ಳುಳ್ಳಿ ಗಂಟು ನೇತುಹಾಕಲು. ಕಡ್ಡಿಯ ತುದಿ ಯಾರದೋ ಹೆಬ್ಬೆರಳು ತಿಕ್ಕಿ ತಿಕ್ಕಿ ಬೆಳ್ಳಗಾಗಿದೆ. ಮನೆಗೆ ಬಂದವರು ಏನಿದು ಎಂದು ಕೇಳುತ್ತಾರೆ. ಸೈಕಲ್ಲಿನ ಗೇರ್ ಕಡ್ಡಿ ಎಂದರೆ ನಗುತ್ತಾರೆ. ಸೈಕಲ್ಲಿಗೆ ಗೇರು ಯಾಕೆ ಬೇಕು ಎನ್ನುತ್ತಾರೆ. ಸರಿಯಾಗಿಯೇ ಕೇಳುತ್ತಾರೆ. ನಾನೂ ಅದನ್ನೇ ಕೇಳಿದ್ದೆ.

ಸುಜಾತಾ ನನ್ನ ಹಿರಿಯ ಮಗಳು. ನಾವು ಬುದ್ಧನ ಕಡೆ ಬಂದ ಮೇಲೆ ಹುಟ್ಟಿದವಳು, ಅದಕ್ಕೇ ಆ ಹೆಸರು. ಲಿಂಗಸುಗೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮಸ್ಕಿಯಲ್ಲಿ ನಮ್ಮ ಜೊತೆಗೇ ಇದ್ದಾಳೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಮದುವೆ ಯಾಕಾಗಲಿಲ್ಲ ಎಂದು ಕೇಳಬೇಡಿ. ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತೇನೆ: ಮಾಡಿಕೊಂಡವರೆಲ್ಲ ಏನು ಕಡಿದು ಕಟ್ಟೆ ಹಾಕಿದ್ದಾರೆ, ಮೊದಲು ಅದನ್ನು ಹೇಳಿ.

ಇವಳಿಗೆ ಮೂವತ್ತೈದು ದಾಟಿದ ಮೇಲೆ ಒಂದು ಹುಚ್ಚು ಹಿಡಿಯಿತು. ಟ್ರಯಾಥ್ಲಾನ್ ಎಂದು ಅದರ ಹೆಸರು. ಆ ಹೆಸರು ನನ್ನ ಬಾಯಲ್ಲಿ ಸರಿಯಾಗಿ ಹೊರಡಲು ಒಂದು ಮಳೆಗಾಲ ಬೇಕಾಯಿತು. ಮೊದಲು ಈಜಬೇಕು. ಮೇಲೆದ್ದು ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ಊರೂರು ದಾಟಿ ತುಳಿಯಬೇಕು. ಇಳಿದು ಓಡಬೇಕು. ನಡುವೆ ಊಟವಿಲ್ಲ, ಕೊನೆಗೆ ಕೂಲಿಯಿಲ್ಲ. ಮೇಲಾಗಿ ದುಡ್ಡು ಕಟ್ಟಿ ಹೆಸರು ಬರೆಸುವವಳೂ ಇವಳೇ. ತುರ್ವಿಹಾಳದ ಕಡೆ ನಾಟಿಗೆ ಹೋಗುತ್ತಿದ್ದಾಗ ನಾವು ಬೆಳಿಗ್ಗೆ ಎದೆಮಟ್ಟ ನೀರಿನಲ್ಲಿ ಹಳ್ಳ ದಾಟಿ, ಸಂಜೆಯವರೆಗೆ ಕೆಸರಿನಲ್ಲಿ ಬಗ್ಗಿ, ಕತ್ತಲಾಗುವ ಮುಂಚೆ ಬಸ್ಸಿನ ಹಿಂದೆ ಓಡುತ್ತಿದ್ದೆವು. ಅದೂ ಮೂರು ಕೆಲಸವೇ. ಅದಕ್ಕೆ ಯಾರೂ ಹೆಸರಿಡಲಿಲ್ಲ, ಕೊರಳಿಗೆ ಬಿಲ್ಲೆ ಹಾಕಲಿಲ್ಲ. ಬಸ್ಸು ಸಿಕ್ಕರೆ ಅದೇ ಬಿಲ್ಲೆ.

ಈಜು ಮಾತ್ರ ಅವಳಿಗೆ ನನ್ನಿಂದ ಬಂದದ್ದು, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ನಾನು ಗುರುಗುಂಟಾದಲ್ಲಿ ಬೆಳೆದವಳು. ನಮ್ಮ ಕೇರಿಗೆ ಬೇರೆ ಬಾವಿ ಇತ್ತು. ಬೇರೆ ಯಾಕೆ ಎಂದು ನಿಮಗೆ ಗೊತ್ತು, ನನ್ನ ಬಾಯಿಂದ ಹೇಳಿಸಬೇಡಿ. ಬೇರೆ ಬಾವಿಯಾದದ್ದರಿಂದ ಒಂದು ಸುಖ ಇತ್ತು, ಅದರಲ್ಲಿ ಯಾರು ಬಿದ್ದರೂ ಯಾರೂ ಬೈಯುತ್ತಿರಲಿಲ್ಲ. ಅಪ್ಪ ನನ್ನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಮೇಲಿಂದ ದಬ್ಬಿದ. ನಾನು ಕೈಕಾಲು ಬಡಿದೆ, ಅತ್ತೆ, ನೀರು ಕುಡಿದೆ, ಅಪ್ಪ ಬೀಡಿ ಸೇದುತ್ತ ನೋಡುತ್ತಿದ್ದ. ಹೀಗೇ ಕೆಲವು ದಿನ ನಡೆಯಿತು. ಒಂದು ದಿನ ಬುರುಡೆ ಒಡೆಯಿತು. ಅವತ್ತೇ ಈಜು ಬಂತು. ಸುಜಾತಳಿಗೂ ನಾನು ಹಾಗೆಯೇ ಕಲಿಸಿದೆ. ಈಗ ಅವಳು ತನ್ನ ಶಾಲೆಯ ಹುಡುಗಿಯರಿಗೆ ಈಜುವ ಮೊದಲು ಉಸಿರಾಟದ ಬಗ್ಗೆ ಪಾಠ ಮಾಡುತ್ತಾಳಂತೆ. ಉಸಿರಾಡುವುದಕ್ಕೂ ಪಾಠ!

ಸೈಕಲ್ಲಿನ ಕಥೆ ಬೇರೆ. ನಮ್ಮ ಮನೆತನದಲ್ಲಿ ಸೈಕಲ್ ಹತ್ತಿದ ಹೆಂಗಸು ಇವಳೇ ಮೊದಲು. ನಾನು ಕ್ಯಾರಿಯರ್ ಮೇಲೆ ಕೂತಿದ್ದೇನೆ, ಅಷ್ಟೇ. ಅದೂ ಒಮ್ಮೆ ಕಾಲು ಚಕ್ರಕ್ಕೆ ಸಿಕ್ಕು ಹಿಮ್ಮಡಿ ಹರಿದ ಮೇಲೆ ಬಿಟ್ಟೆ. ಸುಜಾತಾ ತಂದದ್ದು ಹೈದರಾಬಾದಿನ ಯಾರೋ ಒಬ್ಬರು ತುಳಿದು ಬಿಟ್ಟ ಗಾಡಿ. ಮನೆ ಮುಂದೆ ಇಳಿಸಿದಾಗ ಓಣಿಯವರೆಲ್ಲ ಬಂದು ನೋಡಿದರು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ, ಗೋಡೆಗೆ ಒರಗಿಸದಿದ್ದರೆ ಕುಡುಕನ ಹಾಗೆ ಬೀಳುತ್ತದೆ. ಸೀಟು ನೋಡಿದರೆ ಬಾಣಂತಿಗೂ ಕಣ್ಣೀರು ಬರಬೇಕು. ಹ್ಯಾಂಡಲಿನ ನಡುವಿನಿಂದ ಎರಡು ಕೋಡು ಮುಂದಕ್ಕೆ ಚಾಚಿವೆ. ಮೊಣಕೈ ಅದರ ಬುಡಕ್ಕೆ ಊರಿ, ಬೋರಲು ಮಲಗಿದ ಹಾಗೆ ಬಗ್ಗಿ, ತುದಿ ಹಿಡಿದುಕೊಳ್ಳಬೇಕು. ಆ ತುದಿಗೆ, ಎತ್ತಿನ ಕೋಡಿಗೆ ಹಾಕುವ ಹಿತ್ತಾಳೆ ಕೋಡಣಸಿನ ಹಾಗೆ, ಒಂದೊಂದು ಕಡ್ಡಿ. ಅದೇ ಗೇರ್ ಕಡ್ಡಿ. ಬಲಗಡೆಯದನ್ನು ಒತ್ತಿದರೆ ಟಕ್ ಎಂದು ಹಿಂದಿನ ಹಲ್ಲುಚಕ್ರಗಳ ಮೇಲೆ ಚೈನು ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಎಡಗಡೆಯದು ಮುಂದಿನ ಎರಡು ಚಕ್ರಕ್ಕೆ.

"ಇದನ್ನ ಒತ್ತಿದ್ರ ಏರು ಹಗುರಾಗತೈತೇನು?" ಎಂದು ಕೇಳಿದೆ.

"ಹೌದವ್ವಾ."

"ಹಂಗಾದ್ರ ನೀ ತುಳಿಯೋದು ಯಾಕ ಬೇಕು?"

ಓದಿದವರು ಉತ್ತರ ಗೊತ್ತಿಲ್ಲದಾಗ ನಗುತ್ತಾರೆ. ಅವಳೂ ನಕ್ಕಳು.

ಇಲ್ಲಿಯವರೆಗೆ ತಮಾಷೆ. ಇನ್ನು ವ್ಯಾನಿನ ಮಾತು ಹೇಳಬೇಕು, ಅದು ತಮಾಷೆಯಲ್ಲ.

ನನಗೆ ಅರವತ್ತೆಂಟಾಗುವ ಹಿಂದಿನ ವರ್ಷ ಅವಳು ಸಮುದ್ರದ ಕಡೆಯ ಒಂದು ಊರಿಗೆ ಮೊದಲ ಸಲ ಸ್ಪರ್ಧೆಗೆ ಹೋಗಿದ್ದಳು. ಈಜಿ ಮುಗಿಸಿದಳು. ಸೈಕಲ್ಲನ್ನು ಇಷ್ಟು ಹೊತ್ತಿನೊಳಗೆ ಮುಗಿಸಬೇಕು ಎಂದು ಅವರದೊಂದು ನಿಯಮ. ಇವಳು ತಡವಾದಳು. ನಡುದಾರಿಯಲ್ಲೇ ಒಬ್ಬ ಸೀಟಿ ಊದಿ ನಿಲ್ಲಿಸಿ, ಎದೆಯ ಮೇಲಿದ್ದ ನಂಬರಿನ ಚೀಟಿ ಬಿಚ್ಚಿಸಿಕೊಂಡು, ಸೈಕಲ್ ಸಮೇತ ವ್ಯಾನಿಗೆ ಹತ್ತಿಸಿದನಂತೆ. ಆ ವ್ಯಾನು ಎಲ್ಲರಿಗಿಂತ ಹಿಂದೆ ಬರುತ್ತದೆ, ಬಿದ್ದವರನ್ನು ಸೋತವರನ್ನು ಹೆಕ್ಕುತ್ತ. ಕಿಟಕಿಯಿಂದ ಹೊರಗೆ ನೋಡಿದರೆ ಇವಳಿಗಿಂತ ವಯಸ್ಸಾದವರು ಇನ್ನೂ ತುಳಿಯುತ್ತಿದ್ದರಂತೆ.

ಮನೆಗೆ ಬಂದು ನನ್ನೊಬ್ಬಳಿಗೆ ಹೇಳಿದಳು. ಆದರೆ ಜೊತೆಗೆ ಹೋಗಿದ್ದ ಅವಳ ಶಾಲೆಯ ಇನ್ನೊಬ್ಬ ಟೀಚರಮ್ಮನ ಬಾಯಿಗೆ ಬಾಗಿಲಿರಲಿಲ್ಲ. ವಾರದೊಳಗೆ ಲಿಂಗಸುಗೂರಿನ ಶಾಲೆಗೆ, ಮಸ್ಕಿಯ ನಮ್ಮ ಓಣಿಗೆ, ಎಲ್ಲ ಕಡೆಗೂ ಸುದ್ದಿ ಮುಟ್ಟಿತು. "ಟೀಚರ್ ವ್ಯಾನಿನ್ಯಾಗ ಫಸ್ಟ್ ಬಂದಾರಂತ" ಎಂದು ನಲ್ಲಿಯ ಹತ್ತಿರ ನಗು. ಬಸ್ಸಿಗೆ ನಿಂತರೆ "ಯಾಕ್ರೀ ಮೇಡಂ, ಇವತ್ತು ವ್ಯಾನ್ ಬರಂಗಿಲ್ಲೇನು?" ಸುಜಾತಾ ಎಲ್ಲರ ಜೊತೆ ತಾನೂ ನಗುತ್ತಿದ್ದಳು. ಆದರೆ ಮನೆ ಮುಂದೆ ಯಾವ ಬಿಳಿ ವ್ಯಾನು ಹೋದರೂ ಕೈಯಲ್ಲಿನ ತುತ್ತು ನಿಲ್ಲುತ್ತಿತ್ತು. ನಾನು ನೋಡಿದ್ದೇನೆ. ಹೇಳಿದರೆ ತುತ್ತು ಇಳಿಯುತ್ತದೆಯೇ?

ಮರುವರ್ಷ ಮತ್ತೆ ಹೆಸರು ಬರೆಸಿದಳು. ಗೆಲ್ಲಬೇಕು ಎಂದಲ್ಲ. ವ್ಯಾನು ಹತ್ತಬಾರದು, ಅಷ್ಟೇ. "ಓಡೋದ್ರಾಗ ಕುಂಟಿದ್ರೂ ಚಿಂತಿಲ್ಲವ್ವಾ. ಸೈಕಲ್ ಮಾತ್ರ ಟೈಮಿನ್ಯಾಗ ಮುಗಿಸಬೇಕು" ಎಂದಳು.

ಆಗಲೇ ಗೇರ್ ಕಡ್ಡಿ ಕೈಕೊಟ್ಟಿತು. ಒಳಗಿನ ಹಲ್ಲು ಸವೆದು ಟಕ್ ಎನ್ನುವುದನ್ನೇ ಮರೆಯಿತು. ಮಸ್ಕಿ ಬಿಟ್ಟು ಲಿಂಗಸುಗೂರಿನ ಕಡೆ ಏರು ಹತ್ತುವಾಗ ಹಗುರದ ಗೇರಿಗೆ ಹಾಕಿದರೆ, ನಾಲ್ಕು ತುಳಿತಕ್ಕೆ ತಾನಾಗಿ ಜಾರಿ ಬಿಗಿಯದಕ್ಕೆ ಬೀಳುತ್ತಿತ್ತು. ಒಂದು ದಿನ ಹೀಗೆ ಜಾರಿದಾಗ ಪೆಡಲು ತಪ್ಪಿ ಮೊಣಕಾಲು ಕೆತ್ತಿಸಿಕೊಂಡು ಬಂದಳು. ಎಡಗಡೆಯದು ಬುಡದಲ್ಲೇ ಸಡಿಲಾಗಿ ಅಲ್ಲಾಡುತ್ತಿತ್ತು. ಎರಡನ್ನೂ ಬದಲಿಸದೆ ಬೇರೆ ದಾರಿ ಇರಲಿಲ್ಲ.

ಸಿಂಧನೂರಿನಲ್ಲಿ ಖಾಜಾಸಾಬನ ಸೈಕಲ್ ಅಂಗಡಿ ಇದೆ. ಅವನ ಅಪ್ಪ ಬಾಡಿಗೆ ಸೈಕಲ್ ಕೊಡುತ್ತಿದ್ದವನು. ಖಾಜಾಸಾಬ ಫೋನಿನಲ್ಲಿ ಕೇಳಿಕೊಂಡು ಹೇಳಿದ: "ಮೇಡಂ, ಕಡ್ಡಿ ಹೈದರಾಬಾದಿಂದ ತರಸ್ತೀನಿ. ಖರೇ ಹಿಂದಿನ ಚಕ್ರಕ್ಕ ಹಲ್ಲಿನ ತಾಟು ಎಷ್ಟು ಅದಾವ ಎಣಿಸಿ ಹೇಳ್ರಿ. ತಾಟು ಎಷ್ಟೋ ಕಡ್ಡೀಗೂ ಅಷ್ಟೇ ಟಕ್ ಇರಬೇಕು. ಒಂದು ಹೆಚ್ಚುಕಮ್ಮಿ ಆದ್ರೂ ಕೂಡಂಗಿಲ್ಲ." ಗಾಡಿ ಮಾರಿದವನು ಹಿಂದಿನ ಚಕ್ರ ಎರಡು ಸಲ ಬದಲಿಸಿದ್ದನಂತೆ. ಅವನು ಹೇಳಿದ ಲೆಕ್ಕಕ್ಕೂ ಗಾಡಿಗೂ ತಾಳೆಯಿಲ್ಲ. ಸುಜಾತಾ ಆಗ ಪರೀಕ್ಷೆಯ ಕೆಲಸಕ್ಕೆಂದು ಬೇರೆ ಊರಿನಲ್ಲಿದ್ದಳು. ಇಷ್ಟು ತಿಂಗಳು ತುಳಿದವಳಿಗೆ ತನ್ನ ಗಾಡಿಗೆ ಎಷ್ಟು ತಾಟು ಎಂದು ಗೊತ್ತಿಲ್ಲ! ನಮ್ಮ ಎಮ್ಮೆಗೆ ಎಷ್ಟು ಹಲ್ಲು ಎಂದು ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅವಳು ಅಪ್ಪನಿಗೆ ಫೋನ್ ಮಾಡಿದಳು.

ಅಪ್ಪ ಎಂದರೆ ನನ್ನ ಗಂಡ ಅಮರಪ್ಪ. ಗಂಡನ ಹೆಸರು ಹೇಳಬಾರದಂತೆ. ಬಹಳ ಸಲ ಹೇಳಿದ್ದೇನೆ, ಅವನಿಗೆ ಏನೂ ಆಗಿಲ್ಲ. ಆತ ಅಂಗಳದಲ್ಲಿ ಸೈಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಕನ್ನಡಕ ಮೂಗಿನ ತುದಿಗೆ ತಂದು, ಒಂದೊಂದು ತಾಟಿನ ಮೇಲೂ ಬೆರಳಿಟ್ಟು ತುಟಿ ಅಲ್ಲಾಡಿಸುತ್ತ ಎಣಿಸಿದ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. "ಹತ್ತು!" ಎಂದು ಫೋನಿಗೆ ಕೂಗಿದ್ದು ಮಾತ್ರ ಕೇಳಿಸಿತು. ಫೋನಿಲ್ಲದಿದ್ದರೂ ಮಗಳಿಗೆ ಕೇಳಿಸುತ್ತಿತ್ತು.

ಕಡ್ಡಿಗಳು ಬಂದವು. ಸ್ಪರ್ಧೆ ಮುಂದಿನ ಭಾನುವಾರ ಎನ್ನುವಾಗ, ಈ ಭಾನುವಾರ ನಾವು ಮೂವರೂ ಸೈಕಲ್ಲನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಸಿಂಧನೂರಿಗೆ ಹೊರಟೆವು. ನನಗೇನು ಕೆಲಸ ಎಂದು ಕೇಳಬಹುದು. ಸಿಂಧನೂರಿನಲ್ಲಿ ಒಣಮೀನು ಚೆನ್ನಾಗಿ ಸಿಗುತ್ತದೆ. ಟಂಟಂನಲ್ಲಿ ಒಬ್ಬ ಮುದುಕ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, "ಇದರ ಮ್ಯಾಲ ಹುಲ್ಲಿನ ಹೊರಿ ಎಲ್ಲಿಡ್ತೀರಿ?" ಎಂದ. ಇಡೀ ದಾರಿಯಲ್ಲಿ ಕೇಳಿದ ಒಂದೇ ಬುದ್ಧಿಯ ಮಾತು ಅದು.

ಖಾಜಾಸಾಬ ಸೈಕಲ್ಲನ್ನು ಮೇಲಿನ ಕೊಂಡಿಗೆ ನೇತುಹಾಕಿದ. ಹಳೆಯ ಕಡ್ಡಿ ಬಿಚ್ಚಿದ (ಈಗ ನಮ್ಮ ಅಡುಗೆಮನೆಯ ಗೋಡೆಯಲ್ಲಿರುವುದು ಅದರಲ್ಲೊಂದು), ಹಳೆಯ ಕೇಬಲ್ ಎಳೆದು ತೆಗೆದ, ಹೊಸ ಕಡ್ಡಿ ಕೋಡಿನ ತುದಿಗೆ ಕೂರಿಸಿದ, ಹೊಸ ಕೇಬಲನ್ನು ಕೋಡಿನ ಒಳಗಿನಿಂದ ತೂರಿಸಿ ಹಿಂದಕ್ಕೆ ತಂದ. ಕೆಲಸ ಚೊಕ್ಕ, ಅದಕ್ಕೆ ಹೆಸರಿಡುವಂತಿಲ್ಲ. ಪೆಡಲು ತಿರುಗಿಸಿ ಕಡ್ಡಿ ಒತ್ತಿದ. ಟಕ್. ಚೈನು ಹಾರಿತು. ಮತ್ತೆ ಟಕ್. ಹಾರಿತು. ಸುಜಾತಳ ಮುಖ ಅರಳಿತು. ಮೂರನೆಯದಕ್ಕೆ ಚೈನು ಎರಡು ತಾಟಿನ ನಡುವೆ ನಿಂತು ಕರಕರ ಎಂದಿತು. ನಾಲ್ಕನೆಯದಕ್ಕೆ ಕೇಳಲೇಬೇಡಿ, ಹಲ್ಲಿಲ್ಲದವಳು ಕಡಲೆ ತಿಂದ ಹಾಗೆ.

ಖಾಜಾಸಾಬ ಒಂದು ತಿರುಪು ಬಿಗಿ ಮಾಡಿದ. ಮೇಲಿನದು ಸರಿಹೋಯಿತು, ಕೆಳಗಿನದು ಕೆಟ್ಟಿತು. ಸಡಿಲ ಮಾಡಿದ. ಕೆಳಗಿನದು ಸರಿಹೋಯಿತು, ಮೇಲಿನದು ಕೆಟ್ಟಿತು. ಬೀಗರ ಮನೆಯ ಊಟದ ಹಾಗೆ, ಈ ಕಡೆಯವರು ಸಮಾಧಾನವಾದರೆ ಆ ಕಡೆಯವರು ಮುನಿಯುತ್ತಿದ್ದರು.

ನಮ್ಮ ಕಡೆ ಗಾಡಿ ಕೆಟ್ಟರೆ ರಿಪೇರಿಯವನಿಗಿಂತ ಮೊದಲು ಸಲಹೆಗಳು ಬರುತ್ತವೆ. ತೆಲುಗರ ಕ್ಯಾಂಪಿನ ಕಡೆಯ ಒಬ್ಬ ದಪ್ಪನೆಯವನು ಬೈಕ್ ನಿಲ್ಲಿಸಿ ಬಂದು, "ಗ್ರೀಸು ಪೆಟ್ಟಂಡಿ, ಗ್ರೀಸು ಹಾಕಿದ್ರ ಅನ್ನೀ ಸರಿಹೋಗ್ತಾವು" ಎಂದ. ಆತನಿಗೆ ಟ್ರ್ಯಾಕ್ಟರ್ ಇತ್ತು, ಅದಕ್ಕೇ ಜಗತ್ತಿನ ಎಲ್ಲ ರೋಗಕ್ಕೂ ಗ್ರೀಸು. ಚಹಾ ಹಿಡಿದು ನಿಂತಿದ್ದ ಇನ್ನೊಬ್ಬ, "ಹೊಸಾ ಸಾಮಾನ ಐತಿ, ಲಿಂಬಿಹಣ್ಣು ಕಟ್ಟೀರೇನು?" ಎಂದ. ನಾನು ಕೇಳಿದೆ: "ಎಲ್ಲಿ ಕಟ್ಟಬೇಕು, ಚೈನಿಗೇನು?"

"ಹಂಗಲ್ಲಬೇ ಯಮ್ಮಾ, ದೃಷ್ಟಿ ಆಗಿರತೈತಿ."

"ದೃಷ್ಟಿ ಆಗಿದ್ರ ನಿಂದೇ. ಮುಂಜಾನಿಂದ ಅದನ್ನೇ ನೋಡಾಕತ್ತೀ."

ಅವನು ಚಹಾ ಕುಡಿದು ಹೋದ. ದಪ್ಪನೆಯವನು ಹೋಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತ. ಗ್ರೀಸಿನ ಮೇಲಿನ ಅವನ ನಂಬಿಕೆ ಬಹಳ ಗಟ್ಟಿ.

ಖಾಜಾಸಾಬನ ಹಣೆಯಲ್ಲಿ ಬೆವರಿತ್ತು. "ಕ್ಯಾ ಹೈ ಕೀ ಇದು" ಎಂದು ತನ್ನಷ್ಟಕ್ಕೇ ಗೊಣಗುತ್ತ ಹಿಂದಿನ ಚಕ್ರಕ್ಕೆ ಮುಖ ಹತ್ತಿರ ತಂದ. ತಾಟು ಎಣಿಸಿದ. ಇನ್ನೊಮ್ಮೆ ಎಣಿಸಿದ. ಎದ್ದು ನಿಂತು ಸುಜಾತಳ ಮುಖ ನೋಡಿದ.

"ಮೇಡಂ, ಹನ್ನೊಂದು ಅದಾವು."

"ಹತ್ತು ಅಂದಿದ್ದೆಲ್ಲಪ್ಪಾ?" ಸುಜಾತಾ ಅಪ್ಪನ ಕಡೆ ತಿರುಗಿದಳು.

"ಹತ್ತೇ" ಎಂದ ನನ್ನ ಗಂಡ. "ನಾ ಎಣಿಸೀನಿ."

"ಮತ್ತೊಮ್ಮೆ ಎಣಿಸ್ರಿ ಹಂಗಾದ್ರ, ಎಲ್ಲಾರೂ ಕೇಳಲಿ" ಎಂದ ಖಾಜಾಸಾಬ.

ನನ್ನ ಗಂಡ ಪಂಚೆ ಎತ್ತಿ ಕಟ್ಟಿದ. ಕನ್ನಡಕ ಸರಿ ಮಾಡಿದ. ಚಿಕ್ಕ ತಾಟಿನ ಮೇಲೆ ಬೆರಳಿಟ್ಟ. ಗಟ್ಟಿ ದನಿಯಲ್ಲಿ ಶುರು ಮಾಡಿದ.

"ಲಾಭ."

ಮುಂದಿನ ತಾಟಿಗೆ ಬೆರಳು ಹೋಯಿತು.

"ಒಂದು. ಎರಡು. ಮೂರು..."

ನಾನು ಒಣಮೀನಿನ ಚೀಲ ಕೆಳಗಿಟ್ಟೆ. ಮುಂದೆ ಕೇಳುವ ಅಗತ್ಯ ಇರಲಿಲ್ಲ. ಆತ ಮಾತ್ರ ಬಿಡದೆ ಕೊನೆಯ ದೊಡ್ಡ ತಾಟಿನವರೆಗೂ ಹೋಗಿ, "ಹತ್ತು! ನೋಡ್ರಿ!" ಎಂದು ಎದ್ದುನಿಂತು ಎಲ್ಲರ ಮುಖ ನೋಡಿದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಳು ಅಳೆಯುವಾಗ ನಮ್ಮಲ್ಲಿ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಒಳ್ಳೆಯ ಮಾತಿನಿಂದ ಶುರುವಾಗಲಿ ಎಂದು. ಲಾಭ, ಎರಡು, ಮೂರು, ನಾಲ್ಕು. ಲೋಕವೆಲ್ಲ ಹೀಗೆ ಎಣಿಸುತ್ತದೆ, ಲೆಕ್ಕ ತಪ್ಪುವುದಿಲ್ಲ. ನನ್ನ ಗಂಡನದು ಮಾತ್ರ ಬೇರೆ. ಭತ್ತದ ಸುಗ್ಗಿಯಲ್ಲಿ ಕೂಲಿ ಎಂದರೆ ಕಾಳೇ ಆಗಿದ್ದ ಕಾಲದಲ್ಲಿ, ನಮ್ಮ ಗುಂಪಿನ ಪರವಾಗಿ ಸೇರು ಹಿಡಿಯುತ್ತಿದ್ದವನು ಆತ. ಲಾಭ ಎಂದು ಮೊದಲ ಸೇರು ಸುರಿದು, ಎರಡನೆಯ ಸೇರಿಗೆ ಒಂದು ಎನ್ನುತ್ತಿದ್ದ. ಹೊಲದವರ ಕಡೆಯ ಆಳು "ಏ ಅಮರ್ಯಾ, ಅದು ಎರಡಲೇ!" ಎಂದು ಒದರುತ್ತಿದ್ದ. ಇವನು ತಲೆ ಎತ್ತದೆ, "ಲಾಭ ಅಂದ್ರ ಲಾಭರೀ. ಲೆಕ್ಕದಾಗ ಹಿಡದ್ರ ಅದು ಕೂಲಿ ಆಗತೈತಿ" ಎನ್ನುತ್ತಿದ್ದ. ಹೀಗೆ ಒಬ್ಬೊಬ್ಬ ಹೆಂಗಸಿನ ಉಡಿಗೂ ಒಂದು ಸೇರು ಹೆಚ್ಚು ಬೀಳುತ್ತಿತ್ತು. ಬಳಗಾನೂರಿನ ಕಡೆಯ ಹೆಂಗಸರು ಈಗಲೂ ಅವನನ್ನು ಕಂಡರೆ "ಲಾಭದಣ್ಣ" ಎಂದು ಮಾತಾಡಿಸುತ್ತಾರೆ. ಮನೆಯಲ್ಲಿರುವವಳಿಗೆ ತಾನೇ ಗೊತ್ತು ಆ ಅಣ್ಣನ ಲಾಭ. ಈಗ ಕೊಯ್ಯುವುದು ಯಂತ್ರ, ಕೂಲಿ ಬರುವುದು ನೋಟಿನಲ್ಲಿ, ಸೇರು ಅಟ್ಟ ಸೇರಿದೆ. ಬಾಯಿಯ ಚಾಳಿ ಮಾತ್ರ ಹೋಗಿಲ್ಲ. ಐದು ರೊಟ್ಟಿ ತಿಂದು ನಾಲ್ಕು ಎನ್ನುತ್ತಾನೆ. ಬುದ್ಧನ ಕಡೆ ಬಂದಾಗ ದೇವರನ್ನು ಬಿಟ್ಟ, ದೆವ್ವವನ್ನು ಬಿಟ್ಟ, ಲಾಭವನ್ನು ಬಿಡಲಿಲ್ಲ.

ಇದನ್ನೆಲ್ಲ ಖಾಜಾಸಾಬನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವನೂ ಇದೇ ನೆಲದವನು. ಮೊದಲು ಅವನ ಮೀಸೆ ಅಲ್ಲಾಡಿತು, ಆಮೇಲೆ ಹೊಟ್ಟೆ. ದಪ್ಪನೆಯವನು ತೆಲುಗಿನಲ್ಲಿ ನಕ್ಕ. ನನ್ನ ಗಂಡ ಏನಾಯಿತು ಎಂದು ತಿಳಿಯದೆ ತಾನೂ ಸ್ವಲ್ಪ ನಕ್ಕ.

ಸುಜಾತಾ ನಗಲಿಲ್ಲ. ಹೈದರಾಬಾದಿಗೆ ಫೋನ್ ಹಚ್ಚಿದಳು. ಹನ್ನೊಂದರ ಕಡ್ಡಿ ಅಂಗಡಿಯಲ್ಲಿಲ್ಲ, ತರಿಸಲು ಬಹಳ ದಿನ ಬೇಕು ಎಂದರು. ಹಳೆಯ ಟೈರುಗಳ ರಾಶಿಯ ಮೇಲೆ ಕೂತುಬಿಟ್ಟಳು. "ಅಪ್ಪಾ, ಈ ಒಂದು ಸಲಾನಾದ್ರೂ ಮಂದಿ ಎಣಿಸಿದಂಗ ಎಣಿಸಿದ್ರ ಏನ್ ಆಗತಿತ್ತು?" ಎಂದಳು. ದನಿ ಸಣ್ಣದಿತ್ತು. ನನ್ನ ಗಂಡನಿಗೆ ಆಗ ತಿಳಿಯಿತು. ಬೆರಳನ್ನು ಪಂಚೆಗೆ ಒರೆಸಿದ, ಚೈನಿನ ಎಣ್ಣೆ ಹೋಗಲಿಲ್ಲ, ಮತ್ತೆ ಒರೆಸಿದ.

ನನಗೆ ಮೈ ಉರಿಯಿತು. ಒಬ್ಬ ಎಣಿಸಿದವನು, ಒಬ್ಬಳು ಎಣಿಸದೆ ನಂಬಿದವಳು, ಒಬ್ಬ ಗಾಡಿ ಕೈಗೆ ಬಂದ ಮೇಲೂ ಎಣಿಸದೆ ತಿರುಪು ತಿರುಗಿಸಿದವನು. ಮೂವರ ಬುದ್ಧಿ ಸೇರಿಸಿ ಅಳೆದರೂ ಸೇರು ತುಂಬುತ್ತಿರಲಿಲ್ಲ.

ಖಾಜಾಸಾಬ ತಲೆ ಕೆರೆದುಕೊಂಡು, "ಒಂದು ಕೆಲಸ ಮಾಡಬಹುದು ಮೇಡಂ" ಎಂದ. "ಎಡಗಡಿ ಕಡ್ಡಿ ಐತಲ್ಲ, ಅದಕ್ಕ ಟಕ್ ಇಲ್ಲ. ಸಾದಾ ಕಡ್ಡಿ. ಎಲ್ಲಿ ಬಿಟ್ರ ಅಲ್ಲೇ ನಿಂದರತೈತಿ. ಹಿಂದಿನ ಕೇಬಲ್ ಅದಕ್ಕ ಕಟ್ತೀನಿ. ಮುಂದಿನ ಚೈನು ಸಣ್ಣ ಚಕ್ರದ ಮ್ಯಾಲೆ ಖಾಯಂ ಇರಲಿ. ಹತ್ತಾಗಲಿ ಹನ್ನೊಂದಾಗಲಿ, ಅದಕ್ಕ ಲೆಕ್ಕಾನೇ ಬ್ಯಾಡ. ಖರೇ ನೀವು ಕಿವಿ ಕೊಟ್ಟು ಹಾಕಬೇಕು. ಕರಕರ ಅಂದ್ರ ಸ್ವಲ್ಪ ಸರಸ್ರಿ, ಸುಮ್ಮನಾದ್ರ ಕುಂತೈತಿ ಅಂತ ತಿಳಕೋರಿ."

"ಎಡಗೈಲೇನು?" ಎಂದಳು ಸುಜಾತಾ. "ಒಂದು ವಾರದಾಗ? ಏರಿನ್ಯಾಗ ತಪ್ಪಿತಂದ್ರ ಅಲ್ಲೇ ನಿಂತೆ. ಆಗಂಗಿಲ್ಲ. ನಾ ಈ ಸಲ ಹೋಗಂಗಿಲ್ಲ."

"ಹೋಗಬ್ಯಾಡ" ಎಂದೆ ನಾನು.

ಎಲ್ಲರೂ ನನ್ನ ಕಡೆ ನೋಡಿದರು.

"ಹೋಗಬ್ಯಾಡಬೇ. ಹ್ವಾದ ವರ್ಷ ಅವ ಸೀಟಿ ಊದಿ ವ್ಯಾನಿಗೆ ಹತ್ತಿಸಿದ. ಈ ವರ್ಷ ಅವನಿಗೆ ತ್ರಾಸ ಯಾಕ ಕೊಡ್ತೀ? ನೀನೇ ಇಲ್ಲೇ ಸಿಂಧನೂರಾಗ ಹತ್ತಿ ಕುಂತುಬಿಟ್ಟಿ. ಟಂಟಂ ಬಿಳಿದೈತಿ. ಅದೇ ವ್ಯಾನು ಅಂತ ತಿಳಕೋ."

"ಅವ್ವಾ!"

"ಏನ್ ಅವ್ವಾ? ಕಡ್ಡಿ ಟಕ್ ಅನ್ನಲಿಲ್ಲ ಅಂತ ಅಳತಾಳಂತ. ಕಾಲು ಅದಾವಿಲ್ಲೋ? ಕಿವಿ ಅದಾವಿಲ್ಲೋ? ನಿಮ್ಮಪ್ಪನ ಬಾಯಿ ಕೆಟ್ಟೈತಿ, ನಿನ್ನ ಕಿವಿ ಏನಾಗೈತಿ?"

"ಯಮ್ಮಾ, ನಕ್ಕೋ, ಬ್ಯಾಡ, ಸಾಕು ಬಿಡ್ರಿ" ಎಂದ ಖಾಜಾಸಾಬ. ನನ್ನ ಗಂಡ ನನ್ನ ಸೆರಗು ಜಗ್ಗಿದ. ದಪ್ಪನೆಯವನು ಈಗ ಬೈಕ್ ಹತ್ತಿ ಹೋದ. ಗ್ರೀಸಿಗೆ ಜಗ್ಗದ ಯಂತ್ರವೂ ಇರುತ್ತದೆ ಎಂದು ಅವನಿಗೆ ಅವತ್ತು ಗೊತ್ತಾಗಿರಬೇಕು.

ಸುಜಾತಾ ಟೈರಿನ ರಾಶಿಯಿಂದ ಎದ್ದು, ಮೂಗು ಒರೆಸಿಕೊಂಡು, "ಕಟ್ರಿ" ಎಂದಳು. ನನ್ನ ಮುಖ ನೋಡಲಿಲ್ಲ.

ಮಸ್ಕಿಗೆ ತಿರುಗಿ ಹೋಗುವಾಗ ಅವಳು ಟಂಟಂ ಹತ್ತಲಿಲ್ಲ. ಸೈಕಲ್ ಮೇಲೆಯೇ ಬಂದಳು. ನಾವು ಹಿಂದೆ, ಅವಳು ಮುಂದೆ. ಭತ್ತದ ಲಾರಿಗಳು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹೋಗುತ್ತಿದ್ದವು. ಲಾರಿಯ ಸದ್ದಿನಲ್ಲಿ ಚೈನಿನ ಸದ್ದು ಏನು ಕೇಳಬೇಕು? ಇಷ್ಟಿಷ್ಟು ದೂರಕ್ಕೆ ಕಾಲು ಬಿರುಸಾಗಿ ತಿರುಗಿ ಸೈಕಲ್ಲು ತೊನೆಯುತ್ತಿತ್ತು, ಎಡಗೈ ಕಡ್ಡಿಯನ್ನು ತಡಕುತ್ತಿತ್ತು. ನನ್ನ ಗಂಡ ಟಂಟಂನಿಂದ ತಲೆ ಹೊರಗೆ ಹಾಕಿ, "ಸ್ವಲ್ಪ ಹಿಂದಕ್ಕ! ಹಾಂ, ಇನ್ನಷ್ಟು!" ಎಂದು ಕೂಗುತ್ತಿದ್ದ. ನಾನು ಅವನ ಅಂಗಿ ಹಿಡಿದು ಒಳಗೆ ಎಳೆದೆ. ಅವತ್ತಿನ ಮಟ್ಟಿಗೆ ಅವನ ಸಹಾಯ ಸಾಕಾಗಿತ್ತು.

ಆ ವಾರ ದಿನಾ ಬೆಳಿಗ್ಗೆ ಲಿಂಗಸುಗೂರಿನ ದಾರಿಯ ಏರಿಗೆ ಹೋಗಿ ಬಂದಳು. ಮೊದಮೊದಲು ಬೈಗುಳದ ಜೊತೆ ಬರುತ್ತಿದ್ದಳು. ಟೀಚರ್ ಬಾಯಲ್ಲಿ ಅಂಥ ಮಾತುಗಳು ಇದ್ದವು ಎಂದು ನನಗೂ ಗೊತ್ತಿರಲಿಲ್ಲ. ಎಲ್ಲ ನನ್ನವೇ. ವಾರದ ಕೊನೆಗೆ ಬೈಗುಳ ಕಡಿಮೆಯಾಯಿತು. ಅಪ್ಪನ ಜೊತೆ ಮಾತು ಬಿಟ್ಟಿದ್ದವಳು, ಹೊರಡುವ ದಿನ ಬಸ್ಸಿನ ಮೇಲೆ ಸೈಕಲ್ ಕಟ್ಟುವಾಗ ಅವನ ಕೈಗೆ ಹಗ್ಗದ ತುದಿ ಕೊಟ್ಟು, "ಬಿಗಿ ಹಿಡಿ" ಎಂದಳು. ಅಷ್ಟಕ್ಕೇ ಅವನು ಮನೆಗೆ ಬಂದು ಎರಡು ಸಲ ಚಹಾ ಕುಡಿದ.

ಭಾನುವಾರ ಅವನು ಬೆಳಿಗ್ಗೆಯಿಂದ ಫೋನನ್ನು ಅಂಗೈ ಮೇಲೆ ಇಟ್ಟುಕೊಂಡು ಕೂತ. ಮರಿಕೋಳಿ ಹಿಡಿದ ಹಾಗೆ. ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ನನಗೇನೂ ಅನಿಸಿರಲಿಲ್ಲ ಎಂದರೆ ನೀವು ನಂಬುವುದಿಲ್ಲ, ಬೇಡ ಬಿಡಿ. ತೊಟ್ಟನ್ನು ಬುಟ್ಟಿಗೆ, ಕಾಯನ್ನು ಕಸಕ್ಕೆ ಹಾಕುತ್ತಿದ್ದೆ. ನನ್ನ ಗಂಡ ನೋಡಿದ, ಹೇಳಲಿಲ್ಲ. ಹೇಳಿದ್ದರೆ ಅವನ ಗತಿ ನೆಟ್ಟಗಿರುತ್ತಿರಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಫೋನ್ ಬಂತು. ಅವನು ಗುಂಡಿ ಹುಡುಕುವುದರೊಳಗೆ ನಾನೇ ಕಿತ್ತುಕೊಂಡೆ.

"ಅವ್ವಾ, ಸೈಕಲ್ ಮುಗಿಸಿದೆ."

"ವ್ಯಾನು?"

"ಹಿಂದೇ ಬರಾಕತ್ತಿತ್ತು. ಕಡೇ ಏರಿನ್ಯಾಗ ಅದರ ಇಂಜಿನ್ ಸಪ್ಪಳ ಕೇಳಸ್ತಿತ್ತು. ಕಡ್ಡಿ ಎಲ್ಲಿ ಸರಸಬೇಕು ಗೊತ್ತಾಗವಲ್ದು. ಚೈನಿಂದೋ ವ್ಯಾನಿಂದೋ ಸಪ್ಪಳ ಬ್ಯಾರೆ ಮಾಡಾಕ ಬರವಲ್ದು."

"ಮತ್ತ?"

"ಕಾಲಿಗಿ ತಿಳೀತು. ಕುಂತಾಗ ಕಾಲಿನ ತೆಳಗ ಹಗುರ ಆಗತೈತಿ ನೋಡು, ಅದು. ಹತ್ತಿಬಿಟ್ಟೆ. ಗೆರಿ ದಾಟಿದ ಮ್ಯಾಲ ಹಿಂದ ನೋಡಿದ್ರ ಅವ ಸೀಟಿ ಬಾಯಾಗಿಟ್ಟುಕೊಂಡೇ ನಿಂತಾನ. ಊದಲಿಲ್ಲ."

"ಓಡಿದೇನು?"

"ಎಲ್ಲಿ ಓಡೋದು? ಕಾಲು ಹಿಡಕೊಂಡಿದ್ವು. ನಡದೆ. ಎಲ್ಲಾರಕಿಂತ ಕಡೀಗಿ ಬಂದೆ. ನಾ ಬರೋದ್ರಾಗ ಪೆಂಡಾಲ ಬಿಚ್ಚಾಕತ್ತಿದ್ರು. ಕುರ್ಚಿ ಹೊರವ ಒಬ್ಬ ಕುರ್ಚಿ ಕೆಳಗಿಟ್ಟು ಚಪ್ಪಾಳಿ ಹೊಡದ."

ನಾನು ಕಸಕ್ಕೆ ಹಾಕಿದ್ದ ಕಾಯಿಗಳನ್ನು ಒಂದೊಂದಾಗಿ ಬುಟ್ಟಿಗೆ ಎತ್ತಿ ಹಾಕತೊಡಗಿದೆ. "ಅವ್ವಾ, ಅದೀಯಿಲ್ಲೋ?" ಎಂದಳು.

"ಅದೀನಿ. ಉಪ್ಪು ಹಾಕಿದ ಮಜ್ಜಿಗಿ ಕುಡಿ. ಬಿಸಿಲಾಗ ನಿಂದ್ರಬ್ಯಾಡ" ಎಂದು ಫೋನನ್ನು ಅವಳ ಅಪ್ಪನಿಗೆ ಕೊಟ್ಟೆ. ಅವನು "ಹಾಂ, ಹಾಂ" ಎಂದ. ಫೋನಿಟ್ಟ ಮೇಲೆ, "ಪೇಡೆ ತರ್ತೀನಿ, ಓಣಿಗೆಲ್ಲ ಹಂಚೂಣು" ಎಂದು ಚಪ್ಪಲಿ ಹುಡುಕತೊಡಗಿದ.

"ವ್ಯಾನಿನ ಸುದ್ದಿ ಬಾಯಿಚಪಲಕ್ಕ ಹಂಚಿದವರಿಗಿ ನಾವು ಪೇಡೆ ಹಂಚಬೇಕೇನು? ಕುಂದ್ರು ಸುಮ್ಮನ" ಎಂದೆ. ಕೂತ.

ಮರುದಿನ ಬೆಳಿಗ್ಗೆ ಎದ್ದು ಮುಖ ತೊಳೆದೆ. ಮಡಿಸಿಟ್ಟ ಸೀರೆ ಉಟ್ಟೆ. ಮಸ್ಕಿ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಒಬ್ಬಳೇ ಹೋದೆ. ಹೋಟೆಲಿನಲ್ಲಿ ಕೂತು ತಿನ್ನುವ ಹೆಂಗಸರನ್ನು ಜನ್ಮವೆಲ್ಲ ಬೈದವಳು ನಾನು. ಬಾಗಿಲಿಗೆ ಹತ್ತಿರದ ಮೇಜಿಗೆ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಕೂತು, ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದೆ. ಬಸ್ಸಿಗೆ ನಿಂತವರು ನೋಡಿದರು. ನಮ್ಮ ಓಣಿಯ ಇಬ್ಬರು ನಿಂತೇ ಬಿಟ್ಟರು. ಹೋಟೆಲಿನವನು ಒಲೆಯ ಹತ್ತಿರದಿಂದಲೇ ಕೇಳಿದ:

"ಏನಮ್ಮಾ, ಎಂದೂ ಇಲ್ಲದ್ದು ಇವತ್ತು ಹೋಟೆಲ್?"

"ನಮ್ಮ ಸುಜಾತಾ ಸೈಕಲ್ ಮುಗಿಸ್ಯಾಳ."

"ಹೌದಾ! ಎಷ್ಟನೇದಾಕಿ ಬಂದಾಳ?"

"ಎಲ್ಲಾರಕಿಂತ ಕಡೇದಾಕಿ. ಇನ್ನೆರಡು ಮಿರ್ಚಿ ಹಾಕು."